ಫೆಬ್ರುವರಿ ಕಂತು ಎಲ್ಲಿ ಹೋಯ್ತು ಅಂತ ಕೇಳಿದ್ದಕ್ಕೆ

ತಮ್ಮಾ, ಕಂತಿನ ಪಟ್ಟಿ ಮಾಡೋ ನಿನ್ನ ಜಾವಾಸ್ಕ್ರಿಪ್ಟ್ ಕೋಡಿನ ಫೋಟೊ ನೋಡಿ ನಗು ಬಂತು, ಬೇಜಾರಾಗಬೇಡ. ಟ್ರ್ಯಾಕ್ಟರ್ ಸಾಲದ ಕಂತು 2025ರ ಜನವರಿ 31ಕ್ಕೆ ಶುರು, ಎರಡನೇ ಸಾಲಿಗೇ ಮಾರ್ಚ್ 3, ಆಮೇಲೆ ಏಪ್ರಿಲ್ 3, ಮೇ 3. ಮೇಲೆ ‘ಬ್ರೌಸರ್ ಕೆಟ್ಟಿದೆ’ ಅಂತ ಬೇರೆ ಬರೆದಿದ್ದೀಯ. ಬ್ರೌಸರ್ ಏನು ಮಾಡೀತು ಪಾಪ! ಮತ್ತೆ ಮತ್ತೆ ಸುತ್ತುವ ಲೂಪ್ ಒಳಗೆ ಅದೇ ಡೇಟ್‌ಗೆ ತಿಂಗಳು ಬದಲಿಸೋ ಸೆಟ್‌ಮಂತ್ ಹಾಕಿ ಒಂದೊಂದು ಕೂಡಿಸುತ್ತಾ ಹೋಗಿದ್ದೀಯ.

ನಾನೂ ಹೀಗೇ ಮಾಡಿದ್ದೆ. ಜಮಖಂಡಿಯಲ್ಲಿ ಅವ್ವನ ಸಂಘಕ್ಕೆ ಕಂತಿನ ಪಟ್ಟಿ ಮಾಡಿಕೊಟ್ಟು, ಜಂಬದಿಂದ ಇಪ್ಪತ್ತು ಝೆರಾಕ್ಸ್ ಹಂಚಿದೆ. ವಹಿ ಬರೆಯುವ ಕಾಕು ಕನ್ನಡಕ ಏರಿಸಿ, ಎರಡನೇ ಸಾಲಿನ ಮೇಲೆ ಬೆರಳಿಟ್ಟು, ‘ಫೆಬ್ರುವರಿದಾಗ ರೊಕ್ಕ ಕಟ್ಟೂದು ಬ್ಯಾಡೇನಪಾ?’ ಅಂದರು. ಉಳಿದವರಿಗೆಲ್ಲ ಖುಷಿಯೋ ಖುಷಿ. ನಾನು ಎರಡು ರಾತ್ರಿ ‘ಹೀಗಿದ್ದರೆ ಹೀಗೆ ಮಾಡು’ ಅನ್ನೋ ಇಫ್ ಮೇಲೆ ಇಫ್ ಹಾಕಿದೆ. ಜನವರಿ ಸರಿಯಾದರೆ ಏಪ್ರಿಲ್ ಕೆಡುತ್ತಿತ್ತು.

ಫೆಬ್ರುವರಿ 31 ಕೊಡು ಅಂದರೆ ಜಾವಾಸ್ಕ್ರಿಪ್ಟ್ ಬೈಯುವುದಿಲ್ಲ. 28 ಮುಗಿಸಿ, ಉಳಿದ ಮೂರು ದಿನ ಮಾರ್ಚ್‌ಗೆ ತಳ್ಳುತ್ತದೆ. ಲೀಪ್ ವರ್ಷವಾದರೆ ಮಾರ್ಚ್ 2. ಮುಂದಿನ ಸುತ್ತು ಆ 3ರಿಂದಲೇ ಎಣಿಸುತ್ತೆ, 31 ಮತ್ತೆ ಬರುವುದೇ ಇಲ್ಲ.

ಹಾಗಾಗಿ ಮೊದಲ ತಾರೀಖನ್ನು ಮುಟ್ಟಲೇಬೇಡ. ಪ್ರತಿ ಸುತ್ತಿನಲ್ಲೂ ಅಲ್ಲಿಂದಲೇ ಐ (ಎಷ್ಟನೇ ಸುತ್ತು ಅನ್ನೋ ಸಂಖ್ಯೆ) ತಿಂಗಳು ಮುಂದೆ ಎಣಿಸು. ಆ ತಿಂಗಳಿಗೆ ಎಷ್ಟು ದಿನ ಅಂತ ಬೇಕಲ್ವಾ? ನ್ಯೂ ಡೇಟ್‌ಗೆ ವರ್ಷ, ಅದರ ಮುಂದಿನ ತಿಂಗಳು, ದಿನದ ಜಾಗದಲ್ಲಿ ಸೊನ್ನೆ (ಅಂದರೆ ಹಿಂದಿನ ತಿಂಗಳ ಕೊನೇ ದಿನ) ಕೊಟ್ಟು ಗೆಟ್‌ಡೇಟ್ ಕೇಳು. ಅದು ಮತ್ತು ಮೊದಲ ತಾರೀಖಿನ ದಿನ (ನಿನ್ನದರಲ್ಲಿ 31), ಎರಡರಲ್ಲಿ ಚಿಕ್ಕದನ್ನು ಮ್ಯಾಥ್ ಮಿನ್‌ನಿಂದ ತಗೋ. ಫೆಬ್ರುವರಿ 28, ಮಾರ್ಚ್ 31, ಏಪ್ರಿಲ್ 30 ಸಾಲಾಗಿ ಬರುತ್ತವೆ. ಡಿಸೆಂಬರ್ ದಾಟಿದರೆ ವರ್ಷ ತಾನೇ ಬದಲಾಗುತ್ತೆ, ಅದಕ್ಕೆ ಇಫ್ ಬೇಡ. ಜಾವಾಸ್ಕ್ರಿಪ್ಟ್ ತಿಂಗಳನ್ನು ಸೊನ್ನೆಯಿಂದ ಎಣಿಸುತ್ತೆ, ಜನವರಿ ಸೊನ್ನೆ ಅನ್ನೋದು ಮಾತ್ರ ನೆನಪಿರಲಿ. ಇನ್ನೊಂದು, ಸಾಲ ಕೊಟ್ಟವರು ಫೆಬ್ರುವರಿ 28 ಅಂತಾರೋ ಮಾರ್ಚ್ 1 ಅಂತಾರೋ, ಮೊದಲು ಅದನ್ನು ಕೇಳಿಕೊಂಡು ಬಾ.

ಮೇಲೆ ಯಾರೋ ಮೊಮೆಂಟ್ (ತಾರೀಖಿನ ಲೆಕ್ಕಕ್ಕೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಅಂದರೆ ಲೈಬ್ರರಿ) ಹಾಕು ಅಂದಿದ್ದಾರೆ. ಹೊಸ ಕೆಲಸಕ್ಕೆ ಬೇಡ ಅಂತ ಅದನ್ನು ಮಾಡಿದವರೇ ಹೇಳಿದ್ದಾರೆ, ಹಳೇ ವಿಡಿಯೊ ನೋಡಿ ಸುಮ್ನೆ ಸಲಹೆ ಕೊಡಬೇಡಿ ಮಾರಾಯರೇ. ಲೈಬ್ರರಿ ಬೇಕೇ ಬೇಕು ಅಂದರೆ ಡೇಟ್-ಎಫ್‌ಎನ್‌ಎಸ್ ನನಗೆ ಇಷ್ಟ, ತಿಂಗಳು ಕೂಡಿಸೋ ಅದರ ಆಡ್‌ಮಂತ್ಸ್ ತಿಂಗಳ ಕೊನೆಗೇ ನಿಲ್ಲುತ್ತೆ. ಆದರೆ ಅಲ್ಲೂ ಹಿಂದಿನ ಉತ್ತರಕ್ಕೇ ಒಂದು ಕೂಡಿಸಿದರೆ 28ಕ್ಕೆ ಬಂದದ್ದು ವರ್ಷಪೂರ್ತಿ 28ರಲ್ಲೇ ಕೂರುತ್ತೆ. ಅಲ್ಲೂ ಮೊದಲ ತಾರೀಖಿನಿಂದಲೇ ಎಣಿಸು.

ಈಗ ನೀನು ನೇರ ಪೇಜಿಗೆ ಬರೆಯುತ್ತಿದ್ದೀಯ, ಸರಿ. ನಾಳೆ ಅದೇ ಡೇಟನ್ನು ಅರ್ರೇಗೆ (ಕೋಡಿನೊಳಗಿನ ಪಟ್ಟಿಗೆ) ಪುಷ್ ಮಾಡಿದರೆ ಎಲ್ಲ ಸಾಲಲ್ಲೂ ಕೊನೇ ತಾರೀಖೇ ಕಾಣುತ್ತೆ. ಪ್ರತಿ ಸಲ ನ್ಯೂ ಡೇಟ್‌ನಿಂದ ನಕಲು ತೆಗೆದು ಹಾಕು.

ತೋರಿಸೋಕೆ ಟುಐಎಸ್‌ಒಸ್ಟ್ರಿಂಗ್ ಬಳಸಬೇಡ. ನಮ್ಮ ನಡುರಾತ್ರಿ 12 ಅಂದರೆ ಅದು ತೋರಿಸೋ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಹಿಂದಿನ ದಿನ ಸಂಜೆ 6:30, ಹಾಗಾಗಿ 31 ಹೋಗಿ 30 ಕಾಣುತ್ತೆ. ಟುಲೊಕೇಲ್‌ಡೇಟ್‌ಸ್ಟ್ರಿಂಗ್‌ಗೆ ಕೆಎನ್-ಐಎನ್ (ಭಾರತದ ಕನ್ನಡದ ಸಂಕೇತ) ಕೊಡು, ಕನ್ನಡದ ರೀತಿಯಲ್ಲೇ ಬರುತ್ತೆ.

ದಿನದ ಹಾಲಿನ ಲೆಕ್ಕಕ್ಕಾದರೆ ದಿನ ಬದಲಿಸೋ ಸೆಟ್‌ಡೇಟ್‌ಗೆ ಒಂದೊಂದು ಕೂಡಿಸಿದರೂ ನಡೆಯುತ್ತೆ. ವೈಲ್ ಲೂಪ್ ಹಾಕಿ ಆ ಕೂಡಿಸೋ ಸಾಲನ್ನೇ ಮರೆತರೆ ಸುತ್ತು ಮುಗಿಯದೆ ಟ್ಯಾಬ್ ಸತ್ತುಹೋಗುತ್ತೆ, ಸೇವ್ ಮಾಡಿಕೊಂಡು ಓಡಿಸು.

ಸರಿ ಮಾಡಿದ ಮೇಲೆ 29, 30ರಿಂದಲೂ ಶುರು ಮಾಡಿ ನೋಡು. ಮತ್ತೆ ಕೇಳೋದಾದರೆ ಕೋಡನ್ನು ಟೈಪ್ ರೂಪದಲ್ಲೇ ಹಾಕು. ಮೊಬೈಲ್‌ನಲ್ಲಿ ತೆಗೆದ ಓರೆ ಫೋಟೊ ಓದಿ ಕಣ್ಣು ಹೋಯ್ತು.