ಕಾನೂನು ಸಲಹೆ: ಕೊಟ್ಟ ಜಾಮೀನು ರದ್ದಾಗುವುದು ಯಾವಾಗ?

ಪ್ರಶ್ನೆ: ಸರ್, ನಮ್ಮಣ್ಣನ ಕೊಲೆ ಕೇಸಿನ ಎರಡನೇ ಆರೋಪಿಗೆ ಸೆಷನ್ಸ್ ಕೋರ್ಟ್ ಜಾಮೀನು ಕೊಟ್ಟಿದೆ. ಹೊರಬಂದ ವಾರದಲ್ಲೇ ಅವನು ಪ್ರತ್ಯಕ್ಷ ಸಾಕ್ಷಿಯಾದ ಪಕ್ಕದ ಮನೆಯವರಿಗೆ ‘ಕೋರ್ಟಲ್ಲಿ ಏನು ಹೇಳ್ತೀಯೋ ನಾನೂ ನೋಡ್ತೀನಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದಾನೆ. ಕೊಲೆ ಕೇಸಿನಲ್ಲಿ ಜಾಮೀನು ಕೊಟ್ಟಿದ್ದೇ ತಪ್ಪಲ್ಲವೇ? ರದ್ದು ಮಾಡಿಸುವುದು ಹೇಗೆ?
— ಓದುಗರು, ಹಾಸನ

ಉತ್ತರ: ನಿಮ್ಮದು ಒಂದು ಪ್ರಶ್ನೆಯಲ್ಲ, ಎರಡು. ಅರ್ಜಿಯಲ್ಲೂ ಇವೆರಡನ್ನು ಹೀಗೆ ಕಲಸಿಬಿಟ್ಟರೆ ಎರಡೂ ಕೆಡುತ್ತವೆ.

ಜಾಮೀನು ಕೊಟ್ಟಿದ್ದೇ ತಪ್ಪು ಎನ್ನುವುದು ಆದೇಶದ ಮೇಲಿನ ಆಕ್ಷೇಪ. ಅದಕ್ಕೆ ಹೈಕೋರ್ಟಿಗೆ ಹೋಗಬೇಕು. ಸೆಷನ್ಸ್ ನ್ಯಾಯಾಧೀಶರು ತಮ್ಮ ಆದೇಶವನ್ನು ತಾವೇ ತಪ್ಪೆಂದು ತಿದ್ದಲು ಬರುವುದಿಲ್ಲ. ಕೊಲೆ ಕೇಸು ಎಂಬ ಒಂದೇ ಕಾರಣ ಅಲ್ಲಿ ಸಾಲದು. ಮೇಲ್ನೋಟಕ್ಕೆ ಆರೋಪ ನಂಬುವಂತಿದೆಯೇ, ಶಿಕ್ಷೆ ಎಷ್ಟು ಕಠಿಣ, ಆರೋಪಿ ಓಡಿಹೋಗಬಹುದೇ, ಹಿಂದೆ ಕೇಸುಗಳಿವೆಯೇ, ಸಾಕ್ಷಿಗಳನ್ನು ಬೆದರಿಸುವ ಭಯವಿದೆಯೇ ಎಂಬ ಅಂಶಗಳನ್ನು ಸುಪ್ರೀಂ ಕೋರ್ಟ್ 2010ರ ಪ್ರಶಾಂತ ಕುಮಾರ್ ಸರ್ಕಾರ್ ತೀರ್ಪಿನಲ್ಲಿ ಪಟ್ಟಿ ಮಾಡಿದೆ. ನಿಮ್ಮ ಆದೇಶದ ದೃಢೀಕೃತ ಪ್ರತಿ ತೆಗೆಸಿ, ಇವುಗಳಲ್ಲಿ ಯಾವುದನ್ನು ಮುಟ್ಟೇ ಇಲ್ಲ ಎಂದು ಗುರುತು ಹಾಕಿ. ಕಾರಣವನ್ನೇ ಬರೆಯದ ಆದೇಶ, ಮುಖ್ಯ ಸಾಕ್ಷ್ಯವನ್ನು ಕಡೆಗಣಿಸಿದ ಆದೇಶ ನಿಲ್ಲುವುದಿಲ್ಲ. ನಟ ದರ್ಶನ್ ಮತ್ತು ಇತರರಿಗೆ ಹೈಕೋರ್ಟ್ 2024ರ ಡಿಸೆಂಬರಿನಲ್ಲಿ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ತೆಗೆದುಹಾಕಿದ್ದು ಈ ದಾರಿಯಲ್ಲೇ. ವಿಚಾರಣೆಯಲ್ಲಿ ಆಗಬೇಕಾದ ಸಾಕ್ಷ್ಯದ ತೂಕವನ್ನು ಜಾಮೀನಿನ ಹಂತದಲ್ಲೇ ಮಾಡಿದ್ದು ಅಲ್ಲಿ ಆಕ್ಷೇಪಕ್ಕೆ ಒಳಗಾಯಿತು. (ಆ ಕೇಸಿನ ಸರಿ-ತಪ್ಪುಗಳು ಇನ್ನೂ ವಿಚಾರಣೆಯಲ್ಲೇ ತೀರ್ಮಾನವಾಗಬೇಕು. ಜಾಮೀನು ಹೋಯಿತೆಂದರೆ ಅಪರಾಧ ಸಾಬೀತಾಯಿತು ಎಂದಲ್ಲ.)

ಬೆದರಿಕೆಯದು ಬೇರೆ ದಾರಿ. ಆದೇಶ ಸರಿಯೇ ಇತ್ತು ಎಂದಿಟ್ಟುಕೊಂಡರೂ, ಆಮೇಲೆ ಆರೋಪಿ ನಡೆದುಕೊಂಡ ರೀತಿಯಿಂದ ಜಾಮೀನು ಕಳೆದುಕೊಳ್ಳುತ್ತಾನೆ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಿಂದಿನ ಸಿಆರ್‌ಪಿಸಿಯ ಬದಲು ಬಂದ ಕಾನೂನು) ಕಲಂ 483(3)ರ ಅಡಿ ಜಾಮೀನು ಕೊಟ್ಟ ಸೆಷನ್ಸ್ ಕೋರ್ಟಿಗೇ ಅರ್ಜಿ ಹಾಕಬಹುದು. ಸರ್ಕಾರಿ ಅಭಿಯೋಜಕರು ಹಾಕಲಿ ಎಂದು ಕಾಯಬೇಕಿಲ್ಲ, ದೂರುದಾರರೇ ಹಾಕಬಹುದು. ಸಿಕ್ಕಿದ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಲು ಬಲವಾದ ಕಾರಣ ಬೇಕು ಎಂದು 1995ರ ದೌಲತ್ ರಾಮ್ ತೀರ್ಪು ಹೇಳುತ್ತದೆ. ಆದ್ದರಿಂದ ‘ಆರೋಪಿ ಬಲಾಢ್ಯ, ಸಾಕ್ಷಿಗಳನ್ನು ಹೆದರಿಸುತ್ತಿದ್ದಾನೆ’ ಎಂಬ ಒಂದು ಸಾಲಿನ ಅರ್ಜಿಗಳು ಬಹುತೇಕ ಬಿದ್ದುಹೋಗುತ್ತವೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ನಂಬರಿನಿಂದ, ಯಾವ ಮಾತು ಎನ್ನುವುದು ಬೇಕು.

ಮೊದಲ ಕೆಲಸ ಫೋನಿನದು. ಮೆಸೇಜನ್ನು ನಿಮಗೆ ಫಾರ್ವರ್ಡ್ ಮಾಡಿ ಅಲ್ಲಿ ಅಳಿಸಲು ಬಿಡಬೇಡಿ. ಅದು ಬಂದ ಫೋನಿನಲ್ಲೇ ಇರಬೇಕು, ಆ ಫೋನನ್ನು ರೀಸೆಟ್ ಮಾಡಬಾರದು. ಕೋರ್ಟಿಗೆ ಪ್ರತಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಜೊತೆಗಿರಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಎರಡನೇ ಭಾಗ ಖಾಲಿ ಬಿಟ್ಟು ಕೊಟ್ಟು ಆಕ್ಷೇಪಣೆ ತಂದುಕೊಳ್ಳುವವರೇ ಹೆಚ್ಚು. ಪಕ್ಕದ ಮನೆಯವರೇ ಠಾಣೆಗೆ ಹೋಗಿ ದೂರು ಕೊಟ್ಟು ಸ್ವೀಕೃತಿ ಪಡೆಯಲಿ. ಸುಳ್ಳು ಸಾಕ್ಷಿ ಹೇಳುವಂತೆ ಬೆದರಿಸುವುದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಹಿಂದಿನ ಐಪಿಸಿಯ ಬದಲು ಬಂದ ಕಾನೂನು) ಕಲಂ 232ರ ಅಡಿ 7 ವರ್ಷದವರೆಗೆ ಶಿಕ್ಷೆಯಿರುವ ಪ್ರತ್ಯೇಕ ಅಪರಾಧ. ಅರ್ಜಿಗೆ ಅವರದೇ ಅಫಿಡವಿಟ್ ಇರಲಿ. ನಿಮ್ಮದೊಂದೇ ಇದ್ದರೆ ‘ಕೇಳಿದ ಮಾತು’ ಎಂದು ಆರೋಪಿ ಪರ ವಕೀಲರು ತಳ್ಳಿಹಾಕುತ್ತಾರೆ. ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಬಂದರೆ ‘ಇಷ್ಟು ದಿನ ಏಕೆ ಹೇಳಲಿಲ್ಲ’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಅರ್ಜಿ ಇತ್ಯರ್ಥವಾಗುವವರೆಗೆ ಅವರ ರಕ್ಷಣೆಗೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ಸಮಿತಿಗೆ ಮನವಿ ಕೊಡಬಹುದು. ಆ ಸಮಿತಿಯ ಮುಖ್ಯಸ್ಥರು ಜಿಲ್ಲಾ ನ್ಯಾಯಾಧೀಶರೇ.

ಪ್ರಶ್ನೆ: ನನ್ನ ಮೈದುನ ಕೊಲೆ ಆರೋಪದಲ್ಲಿ ಜೈಲಿನಲ್ಲಿದ್ದಾನೆ. 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ತಾನಾಗಿಯೇ ಬಿಡುಗಡೆ ಎಂದಿದ್ದರು. ಪೊಲೀಸರು 92ನೇ ದಿನ ಹಾಕಿದರು. ಈಗ ಜಾಮೀನು ಕೇಳಬಹುದೇ?
— ಓದುಗರು, ದಾವಣಗೆರೆ

ಉತ್ತರ: ‘ತಾನಾಗಿಯೇ’ ಎಂಬ ಮಾತೇ ನಿಮ್ಮನ್ನು ದಾರಿ ತಪ್ಪಿಸಿದೆ. ಬಿಎನ್‌ಎಸ್‌ಎಸ್ ಕಲಂ 187(3)ರ ಈ ಹಕ್ಕನ್ನು ಕೇಳಿ ಪಡೆಯಬೇಕು, ಅದೂ ಚಾರ್ಜ್‌ಶೀಟ್ ಬರುವ ಮೊದಲೇ. 91 ಅಥವಾ 92ನೇ ದಿನ ಪೊಲೀಸರಿಗಿಂತ ಮುಂಚೆ ಅರ್ಜಿ ಸಲ್ಲಿಸಿದ್ದರೆ, ಅರ್ಧ ಗಂಟೆ ಬಿಟ್ಟು ಚಾರ್ಜ್‌ಶೀಟ್ ಬಂದರೂ ಹಕ್ಕು ಉಳಿಯುತ್ತಿತ್ತು. ಅರ್ಜಿಯನ್ನೇ ಹಾಕಿಲ್ಲವಾದರೆ ಆ ಬಾಗಿಲು ಮುಚ್ಚಿತು. ಉಳಿದಿರುವುದು ಕಲಂ 483ರ ಸಾಮಾನ್ಯ ಜಾಮೀನು ಮಾತ್ರ.

ಇಂಥದೇ ಸ್ಥಿತಿಯಲ್ಲಿರುವ ಬೇರೆಯವರಿಗೆ ಲೆಕ್ಕ ಹೇಳುತ್ತೇನೆ. ದಿನ ಎಣಿಸುವುದು ಬಂಧನದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಮೊದಲ ರಿಮಾಂಡ್ (ಆರೋಪಿಯನ್ನು ವಶದಲ್ಲಿಡುವ ಆದೇಶ) ಕೊಟ್ಟ ದಿನದಿಂದ. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟಪಡಿಸಿದೆ. ರಿಮಾಂಡ್ ಜನವರಿ 1ಕ್ಕಾದರೆ, ಫೆಬ್ರವರಿಗೆ 28 ದಿನವಿರುವ ವರ್ಷದಲ್ಲಿ ಮಾರ್ಚ್ 31ಕ್ಕೆ 90 ತುಂಬಿತು. ಏಪ್ರಿಲ್ 1ರ ಬೆಳಿಗ್ಗೆ ಕಲಾಪ ಶುರುವಾಗುವಾಗಲೇ ಅರ್ಜಿ ಕೈಯಲ್ಲಿರಬೇಕು. ಸಮಯ ನಮೂದಿಸಿಕೊಂಡು ಸಲ್ಲಿಸಿ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60.

ಹೀಗೆ ಸಿಕ್ಕ ಜಾಮೀನು ಶಾಶ್ವತ ಎಂದೂ ತಿಳಿಯಬೇಡಿ. ಚಾರ್ಜ್‌ಶೀಟಿನಲ್ಲಿ ಬಲವಾದ ಕೇಸು ಕಂಡರೆ ವಿಶೇಷ ಕಾರಣಗಳ ಮೇಲೆ ರದ್ದು ಮಾಡಬಹುದು ಎಂದು 2023ರ ಗಂಗಿ ರೆಡ್ಡಿ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಪ್ರಶ್ನೆ: ಕೊಲೆ ಕೇಸಿನಲ್ಲಿ ಮ್ಯಾಜಿಸ್ಟ್ರೇಟರಿಗೆ ಜಾಮೀನು ಕೊಡುವ ಅಧಿಕಾರವೇ ಇಲ್ಲವೇ?
— ಓದುಗರು, ಗದಗ

ಉತ್ತರ: ಸಾಮಾನ್ಯವಾಗಿ ಕೊಡುವಂತಿಲ್ಲ. ಆರೋಪಿ ಮಹಿಳೆ, ಮಗು, ಕಾಯಿಲೆಯವರು ಅಥವಾ ಅಶಕ್ತರಾಗಿದ್ದರೆ ಬಿಎನ್‌ಎಸ್‌ಎಸ್ ಕಲಂ 480ರಲ್ಲಿ ವಿನಾಯಿತಿ ಇದೆ. ಅದು ಕೊಡಬಹುದೆಂಬ ಅವಕಾಶ, ಕೊಡಲೇಬೇಕೆಂಬ ಕಡ್ಡಾಯವಲ್ಲ.

ಪ್ರಶ್ನೆ: ತಂದೆಗೆ ಜಾಮೀನು ಸಿಕ್ಕಿ 12 ದಿನವಾಯಿತು. ಇಬ್ಬರು ಜಾಮೀನುದಾರರು ಸಿಗದೆ ಇನ್ನೂ ಜೈಲಿನಲ್ಲೇ ಇದ್ದಾರೆ.
— ಓದುಗರು, ರಾಯಚೂರು

ಉತ್ತರ: 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಸೂಚಿಸಿದೆ. ನೀವೇ ನಾಳೆ ಪ್ರಾಧಿಕಾರದ ಕಚೇರಿಗೆ ಆದೇಶದ ಪ್ರತಿ ಹಿಡಿದುಹೋಗಿ, ಉಚಿತ ವಕೀಲರ ಮೂಲಕ ಷರತ್ತು ಸಡಿಲಿಸುವ ಅರ್ಜಿ ಹಾಕಿಸಿ. ಮನೆಯ ಆದಾಯ ಎಷ್ಟು, ಜಮೀನಿದೆಯೇ, ಯಾರನ್ನು ಕೇಳಿ ಆಗಲಿಲ್ಲ ಎಂಬುದನ್ನು ಅದರಲ್ಲಿ ಬರೆಸಿ. ಜಾಮೀನುದಾರರು ಅದೇ ಊರಿನವರೇ ಆಗಬೇಕೆಂದು ಕೋರ್ಟು ಪಟ್ಟುಹಿಡಿದರೆ ಹಾಗೆ ಪಟ್ಟುಹಿಡಿಯುವಂತಿಲ್ಲ ಎಂದ 1978ರ ಮೋತಿ ರಾಮ್ ತೀರ್ಪನ್ನು ತೋರಿಸಲು ವಕೀಲರಿಗೆ ಹೇಳಿ.