ಕಪ್ ಕೊಟ್ಟಾದ್ಮೇಲೆ ಸೆಮಿಫೈನಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸೋವಿಯತ್ ಯೂನಿಯನ್ ಇದ್ದಾಗ ಉಕ್ರೇನ್, ಜಾರ್ಜಿಯಾ ಕಡೆಯವರಿಗೆ ತಮ್ಮದೇ ಅಂತ ಫುಟ್ಬಾಲ್ ಕಪ್ ಇತ್ತಾ, ಇಲ್ಲಾ ಎಲ್ಲಾ ಮಾಸ್ಕೋದಲ್ಲೇ ನಡೀತಿತ್ತಾ? (ಓದುಗರೊಬ್ಬರು, ಶಿವಮೊಗ್ಗ)

ಇತ್ತು ಸ್ವಾಮಿ, ಚೆನ್ನಾಗೇ ಇತ್ತು. 1936ರಲ್ಲಿ ಇಡೀ ದೇಶಕ್ಕೆ ಅಂತ ಸೋವಿಯತ್ ಕಪ್ ಶುರುವಾಯ್ತು ನೋಡಿ, ಅದೇ ವರ್ಷ ಉಕ್ರೇನ್ ಕೂಡ ತನ್ನ ರಿಪಬ್ಲಿಕ್‌ದೇ (ಯೂನಿಯನ್ ಒಳಗಿನ ರಾಜ್ಯ ಅಂದ್ಕೊಳ್ಳಿ) ಒಂದು ನಾಕೌಟ್ ಕಪ್ ಶುರು ಮಾಡ್ತು. ಮಜಾ ಏನಪ್ಪಾ ಅಂದ್ರೆ ಮೊದಲ ಮೂರು ವರ್ಷ 36, 37, 38 ಮೂರೂ ಕೀವ್‌ನ ಡೈನಮೊ ಪಾಲು, ಆಮೇಲೆ 44ರಲ್ಲಿ ಅವರೇ, 46, 47, 48ರಲ್ಲೂ ಅವರೇ. ಹಿಂಗಾದ್ರೆ ಬೇರೆಯವರು ಯಾಕ್ರೀ ಆಡ್ಬೇಕು? ಬರ್ತಾ ಬರ್ತಾ ದೊಡ್ಡ ಟೀಮ್‌ಗಳು ಅದರಿಂದ ಹೊರಗುಳಿದ್ವು, ಅದು ಹೆಚ್ಚಾಗಿ ಫ್ಯಾಕ್ಟರಿ ಟೀಮ್‌ಗಳ ಕಪ್ ಆಯ್ತು. ಅಲ್ಲಿನ ಕ್ಲಬ್‌ಗಳೆಲ್ಲಾ ಯಾವುದಾದ್ರೂ ಇಲಾಖೆ ಇಲ್ಲಾ ಕಾರ್ಖಾನೆ ಬೆನ್ನಿಗೇ ಇರ್ತಿದ್ವು, ನಮ್ಮ ಬೆಂಗಳೂರಲ್ಲಿ ಎಚ್‌ಎಎಲ್, ಐಟಿಐ ಟೀಮ್ ಇದ್ದ ಹಾಗೇನೇ. ಲೋಕೊಮೋಟಿವ್ ಅಂದ್ರೆ ರೈಲ್ವೆಯವರು, ಸಿಡಿಕೆಎ ಮಿಲಿಟರಿಯವರು, ಡೈನಮೊ ಅಂತ ಹೆಸರಿರೋದೆಲ್ಲಾ ಪೊಲೀಸು ಮತ್ತು ಗುಪ್ತಚರದವರ ಕಡೆಯವು. ಈ ಕೊನೇದನ್ನ ನೆನಪಿಟ್ಕೊಳ್ಳಿ, ಕೆಳಗೆ ಬೇಕಾಗತ್ತೆ.

ಪ್ರಶ್ನೆ: ಎರಡನೇ ಡಿವಿಜನ್ ಟೀಮ್ ಒಂದು ಸೋವಿಯತ್ ಕಪ್ ಹೊಡದಿತ್ತಂತ, ಖರೇ ಏನ್ರೀ? (ಓದುಗರೊಬ್ಬರು, ಹುಬ್ಬಳ್ಳಿ)

ಖರೇನೇ ರೀ. ಒಂದೇ ಒಂದು ಸಲ, 1969ರಲ್ಲಿ. ಟೀಮ್ ಹೆಸರು ಕಾರ್ಪಾತಿ, ಊರು ಪಶ್ಚಿಮ ಉಕ್ರೇನ್‌ನ ಲ್ವೀವ್. ಕ್ಲಬ್ ಹುಟ್ಟಿದ್ದೇ 1963ರಲ್ಲಿ, ಅಂದ್ರೆ ಆರು ವರ್ಷದ ಕೂಸು ಅದು. ಆಗಸ್ಟ್ 17ಕ್ಕೆ ಮಾಸ್ಕೋದ ಲೆನಿನ್ ಸ್ಟೇಡಿಯಂನಲ್ಲಿ ಫೈನಲ್, ಎದುರಿಗಿದ್ದದ್ದು ಮೇಲಿನ ಡಿವಿಜನ್‌ನ ಮಿಲಿಟರಿ ಟೀಮ್ ಎಸ್‌ಕೆಎ ರೊಸ್ತೋವ್. ಮೊದಲ ಗೋಲು ರೊಸ್ತೋವ್‌ದೇ, ಹಾಫ್ ಟೈಮ್‌ವರೆಗೂ ಅವರೇ ಮುಂದೆ. ಅಲ್ಲಿಗೆ ಮುಗೀತು ಅಂದ್ಕೊಂಡವರೇ ಜಾಸ್ತಿ ಇದ್ದಿರ್ಬೇಕು, ಆದ್ರೆ ಸೆಕೆಂಡ್ ಹಾಫಲ್ಲಿ ಲಿಖಚೋವ್ ಒಂದು ಹೊಡೆದ, ಸ್ವಲ್ಪ ಹೊತ್ತಿಗೆ ಬುಲ್ಗಾಕೋವ್ ಇನ್ನೊಂದು ಹೊಡೆದ, 2-1. ಕ್ಯಾಪ್ಟನ್ ಕುಲ್ಚಿತ್ಸ್ಕಿ ಕಪ್ ಎತ್ತಿದ.

ಇದನ್ನ ಬರೀ ಫುಟ್ಬಾಲ್ ಅಂತ ನೋಡಿದ್ರೆ ಅರ್ಧ ಕಥೆ ಅಷ್ಟೇ. ಲ್ವೀವ್ 1939ರವರೆಗೆ ಪೋಲೆಂಡ್‌ನಲ್ಲಿತ್ತು, ಅಲ್ಲಿನ ಪೊಗೊನ್ ಅನ್ನೋ ಕ್ಲಬ್ಬು 1922ರಿಂದ 26ರ ಒಳಗೆ ನಾಲ್ಕು ಸಲ ಪೋಲೆಂಡ್ ಚಾಂಪಿಯನ್ ಆಗಿತ್ತು. ಸೋವಿಯತ್‌ನವರು ಬಂದ್ಮೇಲೆ ಆ ಕ್ಲಬ್ ಮುಚ್ಚಿಹೋಯ್ತು, ಊರಿನ ಜನಾನೇ ಬಹುಪಾಲು ಬದಲಾದ್ರು, ಮಾಸ್ಕೋ ಲೆಕ್ಕದಲ್ಲಿ ಅದು ಗಡಿ ಕಡೆಯ ಊರು, ಅಷ್ಟು ನಂಬಿಕೆಗೆ ಅರ್ಹವಲ್ಲದ ಊರು. ಅಂಥಾ ಊರಿನ ಹುಡುಗ್ರು ರಾಜಧಾನಿಗೆ ಹೋಗಿ ಮಿಲಿಟರಿ ಟೀಮನ್ನ ಹೊಡೆದು ಬಂದ್ರೆ ಊರವರಿಗೆ ಹೆಂಗನ್ನಿಸಿರ್ಬೇಡ ಹೇಳಿ. ಮುಂದೆ ಯುರೋಪ್‌ನ ಕಪ್ ವಿನ್ನರ್ಸ್ ಕಪ್‌ನಲ್ಲಿ (ಒಂದೊಂದು ದೇಶದ ಕಪ್ ಗೆದ್ದವರು ಆಡ್ತಿದ್ದ ಟೂರ್ನಿ) ಮೊದಲ ಸುತ್ತಲ್ಲೇ ರೊಮೇನಿಯಾದ ಸ್ಟೆವಾ ಕೈಲಿ ಸೋತ್ರು, ಮನೇಲಿ 0-1, ಅಲ್ಲಿ 3-3. ಇರ್ಲಿ ಬಿಡಿ. 1971ಕ್ಕೆ ಮೇಲಿನ ಡಿವಿಜನ್‌ಗೂ ಬಂದ್ರು.

ಪ್ರಶ್ನೆ: ಫೈನಲ್ ಆಗಿ ಕಪ್ ಕೊಟ್ಟ ನಂತರ ಸೆಮಿಫೈನಲ್ ಪುನಃ ಆಡಿಸಿದ್ದುಂಟು ಅಂತ ನನ್ನ ಸ್ನೇಹಿತರು ಹೇಳ್ತಾರೆ ಮಾರಾಯ್ರೆ, ಇದು ರೀಲು ಅಲ್ವಾ? (ಓದುಗರೊಬ್ಬರು, ಮಂಗಳೂರು)

ನಿಮ್ಮ ಸ್ನೇಹಿತರಿಗೆ ಒಂದು ಕಾಫಿ ಕೊಡಿಸ್ಬಿಡಿ, ರೀಲಲ್ಲ. 1939. ಸೆಪ್ಟೆಂಬರ್ 8ಕ್ಕೆ ಸೆಮಿಫೈನಲ್‌ನಲ್ಲಿ ಮಾಸ್ಕೋದ ಸ್ಪಾರ್ಟಕ್ ಜಾರ್ಜಿಯಾದ ಡೈನಮೊ ಟಿಬಿಲಿಸಿಯನ್ನ 1-0ಯಿಂದ ಸೋಲಿಸ್ತು. ಆ ಒಂದು ಗೋಲೇ ತಕರಾರು, ಬಾಲ್ ಗೆರೆ ದಾಟಿರ್ಲಿಲ್ಲ, ಗೋಲ್‌ಕೀಪರ್ ತಡೆದಿದ್ದ ಅಂತ ಟಿಬಿಲಿಸಿಯವರು ಪಟ್ಟು ಹಿಡಿದ್ರು. ತಕರಾರು ಅದರ ಪಾಡಿಗೆ ಇದ್ದಂಗೇ 12ನೇ ತಾರೀಕು ಫೈನಲ್ ಆಗ್ಹೋಯ್ತು, ಸ್ಪಾರ್ಟಕ್ ಲೆನಿನ್‌ಗ್ರಾಡ್‌ನ ಸ್ತಾಲಿನೆತ್ಸನ್ನ 3-1 ಹೊಡೆದು ಕಪ್ ತಗೊಂಡ್ತು. ಆಮೇಲೆ ಬಂತು ನೋಡಿ ಆರ್ಡರು, ಸೆಮಿಫೈನಲ್ ಮತ್ತೆ ಆಡಿ!

ಯಾಕೆ ಅಂದ್ರೆ, ಆಗ ಗುಪ್ತ ಪೊಲೀಸ್ ಮುಖ್ಯಸ್ಥ ಲಾವ್ರೆಂತಿ ಬೆರಿಯಾ. ಡೈನಮೊ ಅವನ ಇಲಾಖೆದು, ಮೇಲಾಗಿ ಅವನೇ ಜಾರ್ಜಿಯಾದವನು, ಹುಡುಗ ಆಗಿದ್ದಾಗ ಫುಟ್ಬಾಲೂ ಆಡಿದ್ದವನು. ಇಷ್ಟು ಗೊತ್ತಿದ್ರೆ ಆರ್ಡರ್ ಎಲ್ಲಿಂದ ಇಳೀತು ಅಂತ ಯಾರೂ ಬಿಡಿಸಿ ಹೇಳ್ಬೇಕಿಲ್ಲ. ಸೆಪ್ಟೆಂಬರ್ 30ಕ್ಕೆ ಮರುಪಂದ್ಯ ಆಯ್ತು, ಸ್ಪಾರ್ಟಕ್ 3-2ಯಿಂದ ಅದನ್ನೂ ಗೆಲ್ತು! ಬೆರಿಯಾ ಕುರ್ಚಿ ಒದ್ದು ಎದ್ದುಹೋದ ಅಂತ ಸ್ಪಾರ್ಟಕ್ ಕಟ್ಟಿದ ನಿಕೊಲಾಯ್ ಸ್ತಾರೊಸ್ತಿನ್ ನೆನಪು ಮಾಡ್ಕೊಂಡಿದ್ದಾರೆ. ಕಪ್ ಸ್ಪಾರ್ಟಕ್‌ ಹತ್ರಾನೇ ಉಳೀತು, ಫೈನಲ್ ಮತ್ತೆ ಆಡಿಸೋ ಪ್ರಸಂಗ ಬರ್ಲಿಲ್ಲ. ಆದ್ರೆ 1942ರಲ್ಲಿ ಸ್ತಾರೊಸ್ತಿನ್ ಮತ್ತು ಅವರ ಮೂರು ಜನ ತಮ್ಮಂದಿರನ್ನ ಅರೆಸ್ಟ್ ಮಾಡಿ ಮುಂದೆ ಹತ್ತು ಹತ್ತು ವರ್ಷ ಶಿಕ್ಷೆ ಕೊಟ್ಟು ಕೈದಿಗಳನ್ನ ದುಡಿಸೋ ಕ್ಯಾಂಪಿಗೆ ಕಳಿಸಿದ್ರು. ಇದಕ್ಕೂ ಫುಟ್ಬಾಲ್ ಹಗೆಗೂ ಸಂಬಂಧ ಇತ್ತು ಅಂತ ಸ್ತಾರೊಸ್ತಿನ್ ಕೊನೇವರೆಗೂ ನಂಬಿದ್ರು, ನನಗೂ ಅಲ್ಲಗಳೆಯೋಕೆ ಮನಸ್ಸು ಬರಲ್ಲ.

ಅಂದಹಾಗೆ ಆ ಟಿಬಿಲಿಸಿಯವರು 1936, 37ರಲ್ಲೂ ಫೈನಲ್ ಸೋತಿದ್ರು, 46ರಲ್ಲಿ, 60ರಲ್ಲಿ, 70ರಲ್ಲೂ ಸೋತ್ರು. ಮೊದಲ ಸೋವಿಯತ್ ಕಪ್ ಸಿಕ್ಕಿದ್ದು 1976ಕ್ಕೆ, ಅರ್ಮೇನಿಯಾದ ಎರೆವಾನ್‌ನ ಅರರಾತ್ ಟೀಮ್‌ಗೆ 3-0 ಹೊಡೆದು. ಐದೇ ವರ್ಷಕ್ಕೆ ಯುರೋಪ್‌ನ ಕಪ್ ವಿನ್ನರ್ಸ್ ಕಪ್ಪೂ ಅವರದ್ದೇ.

ಪ್ರಶ್ನೆ: ಇವರಲ್ಲಿ ಯಾರಾದ್ರೂ ನಮ್ಮ ದೇಶಕ್ಕೆ ಬಂದು ಆಡಿದ್ರಾ ಸಾರ್? (ಓದುಗರೊಬ್ಬರು, ಬೆಂಗಳೂರು)

ಮೇಲೆ ಹೇಳಿದ್ನಲ್ಲ ಅರರಾತ್ ಅಂತ, ಅವರೇ. 1973ರಲ್ಲಿ ಲೀಗೂ ಕಪ್ಪೂ ಎರಡೂ ಗೆದ್ದಿದ್ದ ಅರ್ಮೇನಿಯಾ ಟೀಮದು. ಆ ವರ್ಷದ ಫೈನಲ್‌ನಲ್ಲಿ ಕೀವ್ ಡೈನಮೊ ಎದುರು ಸೋಲೋಕೆ ನಿಂತಿದ್ರು, ಇಷ್ತೋಯನ್ ಅನ್ನೋನು ಆಟ ಮುಗಿಯೋ ಹೊತ್ತಿಗೆ ಸಮ ಮಾಡಿ, ಎಕ್ಸ್‌ಟ್ರಾ ಟೈಮಲ್ಲಿ ಇನ್ನೊಂದು ಹೊಡೆದು 2-1 ಮಾಡ್ದ. 1978ರಲ್ಲಿ ಅರರಾತ್‌ನವರು ಕಲ್ಕತ್ತಾಗೆ ಬಂದು ಅಲ್ಲಿನ ಟೂರ್ನಿ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ಜೊತೆ 2-2 ಆಡಿದ್ರು, ಶೀಲ್ಡನ್ನ ಇಬ್ರಿಗೂ ಹಂಚಿದ್ರು.