ಕೊಲಂಬಸ್‌ನ ಶನಿವಾರಗಳು, ಹುಡುಗರ ದುಡ್ಡು, ನಿನ್ನ ಮಗನ ಟೆನಿಸ್

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ಸಲುಗೆಯಿಂದಲೇ ಬರೆಯುತ್ತೇನೆ. ನೀನು ಕೇಳಿದ್ದು ಇಷ್ಟು. ಶನಿವಾರ ಬಂದರೆ ಅಮೆರಿಕದ ಒಹಾಯೊ ರಾಜ್ಯದ ಈ ಕೊಲಂಬಸ್ ಊರಿಗೆ ಊರೇ ಯಾಕೆ ಕೆಂಪು ಅಂಗಿ ತೊಡುತ್ತದೆ, ಬರೀ ಒಂದು ಕಾಲೇಜಿನ ಫುಟ್‌ಬಾಲ್‌ಗೆ (ನಮ್ಮ ಕಾಲ್ಚೆಂಡಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ಇಷ್ಟು ಗಲಾಟೆಯಾ? ಸೋಮವಾರ ಆಫೀಸಿನಲ್ಲಿ ಎಲ್ಲರೂ ಅದನ್ನೇ ಮಾತಾಡುವಾಗ ನಿಮ್ಮ ಯಜಮಾನರು ಏನು ಹೇಳಬೇಕು? ಆಮೇಲೆ ನಿನ್ನ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ: ಕಾಲೇಜು ಹುಡುಗರಿಗೆ ಆಡೋದಕ್ಕೆ ಲಕ್ಷಗಟ್ಟಲೆ ಡಾಲರ್ ಕೊಡ್ತಾರಂತೆ, ಒಂಬತ್ತನೇ ಕ್ಲಾಸಿನ ಮಗ ಟೆನಿಸ್ ಚೆನ್ನಾಗಿ ಆಡ್ತಾನೆ, ಆ ದಾರಿ ಹಿಡಿಸಬಹುದಾ?

ಮೊದಲು ಊರಿನ ಹುಚ್ಚು. ಕ್ಲೀವ್‌ಲ್ಯಾಂಡ್‌ಗೆ, ಸಿನ್ಸಿನಾಟಿಗೆ ಎನ್‌ಎಫ್‌ಎಲ್ (ಫುಟ್‌ಬಾಲ್‌ನ ವೃತ್ತಿಪರ ಲೀಗ್) ತಂಡಗಳಿವೆ. ಕೊಲಂಬಸ್‌ಗೆ ಇಲ್ಲ. ಒಹಾಯೊ ಸ್ಟೇಟ್ ಯೂನಿವರ್ಸಿಟಿ ತಂಡವೇ ಊರ ತಂಡ. ಅದರ ಸ್ಟೇಡಿಯಂ 1922ರದು, ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಮೂರು ಗಂಟೆ ದಾರಿಯ ಆನ್ ಆರ್ಬರ್‌ನಲ್ಲಿ, ಅಂದರೆ ಶತ್ರುಗಳಾದ ಮಿಷಿಗನ್ ಯೂನಿವರ್ಸಿಟಿಯ ಊರಿನಲ್ಲಿ, ಸ್ಟೇಡಿಯಂಗೆ 1,07,601 ಸೀಟು. ಊರಿನ ಒಟ್ಟು ಜನಸಂಖ್ಯೆಯೇ ಹೆಚ್ಚುಕಮ್ಮಿ ಅಷ್ಟು! ಇಷ್ಟು ಜನರಲ್ಲಿ ಆ ಕಾಲೇಜಿನಲ್ಲಿ ಓದಿದವರು ಎಷ್ಟೋ, ಓದದವರು ಎಷ್ಟೋ. ನಮ್ಮ ಮನೆಗೆ ಪೈಪ್ ರಿಪೇರಿಗೆ ಬರುವವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಆದರೆ ತೋಳಿನ ಮೇಲೆ ಒಹಾಯೊ ಸ್ಟೇಟ್‌ನ ಹಚ್ಚೆ ಇದೆ. ಕಪ್ ಬರಲಿ ಬಿಡಲಿ ಆರ್‌ಸಿಬಿ ಅಂತ ಕೂತಿದ್ದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಒಂದೇ, ಇಲ್ಲಿ ಇದು ಅಜ್ಜನ ಕಾಲದಿಂದ ಬಂದದ್ದು. ಮಿಷಿಗನ್ ಜೊತೆ ಮೊದಲ ಪಂದ್ಯ ನಡೆದದ್ದು 1897ರಲ್ಲಿ.

ಯಜಮಾನರಿಗೆ ಜಾಸ್ತಿ ಏನೂ ಬೇಡ. ಯಾರಾದರೂ 'ಓ-ಎಚ್' ಅಂತ ಕೂಗಿದರೆ 'ಐ-ಓ' ಅನ್ನಬೇಕು. ಏರ್‌ಪೋರ್ಟ್‌ನಲ್ಲಿ, ಬೇರೆ ರಾಜ್ಯದಲ್ಲಿ, ಎಲ್ಲಾದರೂ ಸರಿ. ಮಿಷಿಗನ್ ಬಣ್ಣದ ಹಳದಿ-ನೀಲಿ ಅಂಗಿ ಹಾಕಿಕೊಂಡು ಆಫೀಸಿಗೆ ಹೋಗಬಾರದು. ನವೆಂಬರ್ ಕೊನೆಯಲ್ಲಿ ಮಿಷಿಗನ್ ಪಂದ್ಯದ ವಾರ ಕ್ಯಾಂಪಸ್‌ನ ಬೋರ್ಡುಗಳ ಮೇಲಿನ 'ಎಂ' ಅಕ್ಷರಕ್ಕೆಲ್ಲ ಕೆಂಪು ಟೇಪಿನಲ್ಲಿ ಕಾಟು ಹಾಕಿರುತ್ತಾರೆ, ನೋಡಿ ಗಾಬರಿಯಾಗಬೇಡಿ. ನಮ್ಮ ಕನ್ನಡದವರು ಕೂಡ ರಾಜ್ಯೋತ್ಸವಕ್ಕೆ ದಿನ ಗೊತ್ತು ಮಾಡುವಾಗ ಪಂದ್ಯದ ಪಟ್ಟಿ ನೋಡಿಕೊಂಡೇ ಮಾಡುತ್ತಾರೆ. ಇನ್ನೊಂದು ಉಪಯೋಗದ ವಿಷಯ: ಪಂದ್ಯ ನಡೆಯುವ ಹೊತ್ತಿನಲ್ಲಿ ದಿನಸಿ ಅಂಗಡಿ ಖಾಲಿ. ಆದರೆ ಮುಗಿದ ಮೇಲೆ 315ನೇ ರಸ್ತೆಯ ಕಡೆ ತಲೆ ಹಾಕಬೇಡಿ.

ಇನ್ನು ದುಡ್ಡು. ದುಡ್ಡು ಹೊಸದಾಗಿ ಬಂತು ಅಂತ ಜನ ಹೇಳುತ್ತಾರೆ, ಅದು ಸುಳ್ಳು. ಟಿವಿ ಹಕ್ಕು ಕಾಲೇಜುಗಳದ್ದು, ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಒಂದೇ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿತು. ಆವತ್ತಿನಿಂದ ಹಣದ ಹೊಳೆಯೇ ಹರಿದಿದೆ. ಇಲ್ಲಿನ ಕೋಚ್ ರಯಾನ್ ಡೇ ಸಂಬಳ ವರ್ಷಕ್ಕೆ 1 ಕೋಟಿ ಡಾಲರ್ ಮೀರಿದ್ದು. ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿ 2023ರಲ್ಲಿ ತನ್ನ ಕೋಚನ್ನು ತೆಗೆದುಹಾಕಿದಾಗ, ಮನೆಗೆ ಕಳಿಸುವುದಕ್ಕೇ 7.5 ಕೋಟಿ ಡಾಲರ್‌ಗೂ ಮೇಲೆ ಕೊಡಲು ಒಪ್ಪಬೇಕಾಯಿತು. ಎಲ್ಲರೂ ಉಂಡರು. ಪಂಕ್ತಿಯಲ್ಲಿ ಎಲೆ ಇಲ್ಲದವನು ಆಡುವ ಹುಡುಗ ಮಾತ್ರ. ಅವನಿಗೆ ಫೀಸು, ಊಟ, ಹಾಸ್ಟೆಲ್ಲು, ಅಷ್ಟೇ.

ಇದೇ ಊರಿನ ಕತೆ ಕೇಳು. 2010ರ ಡಿಸೆಂಬರ್‌ನಲ್ಲಿ ಒಹಾಯೊ ಸ್ಟೇಟ್‌ನ ಐವರು ಆಟಗಾರರು ಸಿಕ್ಕಿಬಿದ್ದರು. ಮಾಡಿದ ಅಪರಾಧ: ತಮಗೇ ಬಂದಿದ್ದ ಉಂಗುರ, ಜೆರ್ಸಿ ಮಾರಿ ದುಡ್ಡು ತೆಗೆದುಕೊಂಡದ್ದು, ಹಚ್ಚೆ ಅಂಗಡಿಯಲ್ಲಿ ರಿಯಾಯಿತಿ ಪಡೆದದ್ದು. ಐದೈದು ಪಂದ್ಯಗಳ ನಿಷೇಧ. ವಿಷಯ ಗೊತ್ತಿದ್ದೂ ಮುಚ್ಚಿಟ್ಟ ಕೋಚ್ ಜಿಮ್ ಟ್ರೆಸೆಲ್ ಮರುವರ್ಷ ರಾಜೀನಾಮೆ ಕೊಟ್ಟರು. ಆ ಸೀಸನ್ನಿನ ಗೆಲುವುಗಳನ್ನೆಲ್ಲ ದಾಖಲೆಯಿಂದ ಅಳಿಸಿಹಾಕಿದರು. ಊರು ಸೂತಕದ ಮನೆಯ ಹಾಗಿತ್ತು. ಇವತ್ತು ಅದೇ ವಯಸ್ಸಿನ ಹುಡುಗ ಕಾರ್ ಡೀಲರ್ ಜಾಹೀರಾತಿನಲ್ಲಿ ನಗುತ್ತಾ ನಿಂತಿರುತ್ತಾನೆ, ಯಾರೂ ಏನೂ ಅನ್ನುವುದಿಲ್ಲ.

ಬದಲಾಗಿದ್ದು ಕೋರ್ಟಿನಿಂದ. ಎಡ್ ಒಬ್ಯಾನನ್ ಅಂತ ಒಬ್ಬ ಹಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರ ವಿಡಿಯೊ ಗೇಮ್ ಒಂದರಲ್ಲಿ ತನ್ನನ್ನೇ ಕಂಡ, ತನಗೆ ಮಾತ್ರ ಬಿಡಿಗಾಸೂ ಬಂದಿರಲಿಲ್ಲ. 2009ರಲ್ಲಿ ಕೇಸು ಹಾಕಿದ. 2019ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು ಅಂತ ಕಾನೂನು ಮಾಡಿತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಆ ತೀರ್ಪು ಓದಿಗೆ ಸಂಬಂಧಿಸಿದ ಸೌಲಭ್ಯಗಳ ಬಗ್ಗೆ ಮಾತ್ರ ಇತ್ತು. ಆದರೆ ಗಾಳಿ ಎತ್ತ ಬೀಸುತ್ತಿದೆ ಅಂತ ಎಲ್ಲರಿಗೂ ಗೊತ್ತಾಯಿತು. ಅದೇ ಜುಲೈ 1ರಿಂದ ಜಾಹೀರಾತು, ಆಟೋಗ್ರಾಫ್, ಏನು ಬೇಕಾದರೂ ಮಾಡಿ ದುಡಿಯಬಹುದು ಅಂತಾಯಿತು. ಇದಕ್ಕೇ ಇವರು ಎನ್‌ಐಎಲ್ (ನೇಮ್, ಇಮೇಜ್, ಲೈಕ್‌ನೆಸ್, ಅಂದರೆ ತನ್ನ ಹೆಸರು, ಚಿತ್ರ, ರೂಪ) ಅನ್ನುವುದು. ದುಡ್ಡಿರುವ ಹಳೆ ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡು ಆಟಗಾರರಿಗೆ ಹಣ ಹೊಂದಿಸತೊಡಗಿದರು. ಜಾಹೀರಾತು ನೆಪಕ್ಕೆ, ಅಲ್ವಾ.

ಹುಡುಗರನ್ನು ಸೆಳೆಯುವ ರಿಕ್ರೂಟಿಂಗ್ ಮೊದಲೂ ಹುಚ್ಚೇ, ಈಗ ಇನ್ನೂ ಜಾಸ್ತಿ. ಹೈಸ್ಕೂಲ್ ಹುಡುಗರಿಗೆ ಐದರವರೆಗೆ ಸ್ಟಾರ್ ಕೊಡುವ ವೆಬ್‌ಸೈಟುಗಳಿವೆ. ಕೋಚ್‌ಗಳು ಮನೆಗೇ ಬಂದು ಅಮ್ಮನ ಕೈ ಅಡುಗೆ ಉಂಡು ಹೋಗುತ್ತಾರೆ. ಡಿಸೆಂಬರ್ ಮೊದಲ ವಾರ ಸಹಿ ಹಾಕುವ ಹೊತ್ತಿಗೆ ಹುಡುಗ ಮೇಜಿನ ಮೇಲೆ ನಾಲ್ಕಾರು ಕಾಲೇಜಿನ ಟೋಪಿ ಸಾಲಾಗಿಟ್ಟು, ಒಂದನ್ನು ಎತ್ತಿ ತಲೆಗೆ ಹಾಕಿಕೊಳ್ಳುತ್ತಾನೆ. ಅದಕ್ಕೆ ಲೈವ್ ಕ್ಯಾಮೆರಾ. ಹದಿನೇಳರ ಹುಡುಗ ಯಾವ ಟೋಪಿ ಎತ್ತುತ್ತಾನೆ ಅಂತ ನಲವತ್ತೈದರ ಮ್ಯಾನೇಜರ್ ಮೀಟಿಂಗ್ ಮಧ್ಯೆ ಫೋನು ನೋಡುತ್ತಾ ಕೂತಿರುತ್ತಾರೆ. ನನಗೆ ಇದೊಂದು ಭಾಗ ಇವತ್ತಿಗೂ ಒಗ್ಗಿಲ್ಲ.

ಕ್ವಿನ್ ಯೂವರ್ಸ್ ಕತೆಯನ್ನು ಯಜಮಾನರಿಗೆ ಹೇಳು, ಸೋಮವಾರದ ಮಾತಿಗೆ ಆಗುತ್ತದೆ. ಟೆಕ್ಸಸ್ ಹುಡುಗ, ಐದು ಸ್ಟಾರ್. ಅಲ್ಲಿನ ಹೈಸ್ಕೂಲ್ ನಿಯಮದಲ್ಲಿ ದುಡಿಯುವ ಹಾಗಿರಲಿಲ್ಲ. 2021ರಲ್ಲಿ ಶಾಲೆಯ ಕೊನೆಯ ವರ್ಷವನ್ನೇ ಬಿಟ್ಟು ಒಹಾಯೊ ಸ್ಟೇಟ್ ಸೇರಿದ. ಹತ್ತು ಲಕ್ಷ ಡಾಲರ್ ಮೀರಿದ ಆಟೋಗ್ರಾಫ್ ಒಪ್ಪಂದ ಅಂತ ಪತ್ರಿಕೆಗಳು ಬರೆದವು. ಆ ವರ್ಷ ಮೈದಾನಕ್ಕಿಳಿದು ಆಡಿದ್ದು ಬರೀ ಎರಡು ಬಾಲು. ಸೀಸನ್ ಮುಗಿದದ್ದೇ ಟೆಕ್ಸಸ್ ಯೂನಿವರ್ಸಿಟಿಗೆ ಹೊರಟುಹೋದ. ಇಲ್ಲಿ ಅವನ ರೂಮ್‌ಮೇಟ್ ಆಗಿದ್ದವನು ಜ್ಯಾಕ್ ಸಾಯರ್, ಇಲ್ಲೇ ಪಕ್ಕದ ಪಿಕರಿಂಗ್‌ಟನ್ ಹುಡುಗ. 2025ರ ಜನವರಿ 10ರ ಸೆಮಿಫೈನಲ್‌ನಲ್ಲಿ ಒಹಾಯೊ ಸ್ಟೇಟ್ ಎದುರು ನಿಂತದ್ದು ಅದೇ ಟೆಕ್ಸಸ್. ನಾವು 21-14 ಮುಂದಿದ್ದೆವು. ಯೂವರ್ಸ್ ಸಮ ಮಾಡುವುದಕ್ಕೆ ಕೆಲವೇ ಗಜ ದೂರದಲ್ಲಿದ್ದ. ಸಾಯರ್ ನುಗ್ಗಿ ಅವನ ಕೈಯಿಂದ ಚೆಂಡು ಬೀಳಿಸಿ, ತಾನೇ ಎತ್ತಿಕೊಂಡು 83 ಗಜ ಓಡಿ ಆ ತುದಿ ಮುಟ್ಟಿದ! ನಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದು ಗಂಟೆಯ ಹೊತ್ತಿಗೆ ಬಾಗಿಲು ತೆಗೆದು ಜನ ಕೂಗಿದ್ದೇ ಕೂಗಿದ್ದು. ಹತ್ತು ದಿನಕ್ಕೆ ನೋಟರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ದೇಶದ ಚಾಂಪಿಯನ್ ಆದರು. ಇದೇ ಜನ ನವೆಂಬರ್‌ನಲ್ಲಿ ಮಿಷಿಗನ್ ಎದುರು 13-10ರಿಂದ ಸೋತಾಗ ಕೋಚನ್ನು ಓಡಿಸಿ ಅಂತಿದ್ದರು. ಆ ಚಾಂಪಿಯನ್ ತಂಡ ಕಟ್ಟಲು ಸುಮಾರು 2 ಕೋಟಿ ಡಾಲರ್ ಬಿದ್ದಿದೆ ಅಂತ ಯೂನಿವರ್ಸಿಟಿಯವರೇ ಹೇಳಿಕೊಂಡರು. ಅದರ ಬಗ್ಗೆ ನಮ್ಮ ಬೀದಿಯಲ್ಲಿ ಯಾರೂ ತಲೆ ಕೆಡಿಸಿಕೊಂಡದ್ದು ನಾನಂತೂ ಕಾಣಲಿಲ್ಲ.

ಕಾಲೇಜು ಬದಲಿಸುವುದೂ ಈಗ ಸಲೀಸು. ಮೊದಲು ಫುಟ್‌ಬಾಲ್‌ನಲ್ಲಿ ಕಾಲೇಜು ಬಿಟ್ಟರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲ ಮಾಫಿ ಅಂದರು. 2024ರಿಂದ ಎಷ್ಟು ಸಲ ಬೇಕಾದರೂ ಹೋಗಬಹುದು. 2025ರ ಜೂನ್‌ನಲ್ಲಿ ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ 'ಹೌಸ್' ಅನ್ನುವ ಕೇಸು ರಾಜಿಯಾಯಿತು. ಆ ಜುಲೈ 1ರಿಂದ ಕಾಲೇಜೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಮೊದಲ ವರ್ಷ ಒಂದು ಕಾಲೇಜಿನ ಎಲ್ಲ ಆಟಗಳಿಗೂ ಸೇರಿ ಮಿತಿ ಸುಮಾರು 2.05 ಕೋಟಿ ಡಾಲರ್. 2016ರಿಂದ ಆಡಿದವರಿಗೆ ಹಳೆ ಬಾಕಿ ಅಂತ ಸುಮಾರು 280 ಕೋಟಿ ಡಾಲರ್, ಹತ್ತು ವರ್ಷದಲ್ಲಿ. ಹೊರಗಿನ ಒಪ್ಪಂದ 600 ಡಾಲರ್ ದಾಟಿದರೆ ವರದಿ ಮಾಡಬೇಕು. ಹಣದ ಸಿಂಹಪಾಲು ಫುಟ್‌ಬಾಲ್‌ಗೆ, ಆಮೇಲೆ ಗಂಡುಮಕ್ಕಳ ಬ್ಯಾಸ್ಕೆಟ್‌ಬಾಲ್‌ಗೆ. ಆ ಹಳೆ ಬಾಕಿಯ ಹಂಚಿಕೆಯಲ್ಲಿ ತಮಗೆ ಅನ್ಯಾಯವಾಗಿದೆ ಅಂತ ಕೆಲವು ಹೆಣ್ಣುಮಕ್ಕಳು ಮೇಲ್ಮನವಿ ಹಾಕಿದರು. ಅವರ ಮಾತು ನನಗೂ ಸರಿ ಅನ್ನಿಸುತ್ತದೆ.

ಆಟದ ಪಾವಿತ್ರ್ಯ ಹೋಯಿತು, ಹುಡುಗರಿಗೆ ನಿಯತ್ತಿಲ್ಲ ಅಂತ ಇಲ್ಲಿನ ಹಿರಿಯರು ಗೊಣಗುವುದನ್ನು ನೀನೂ ಕೇಳುತ್ತೀಯ. ಕೋಚ್ ಜಾಸ್ತಿ ಸಂಬಳಕ್ಕೆ ಬೇರೆ ಕಡೆ ಹಾರಿದಾಗ ಇವರು ನಿಯತ್ತಿನ ಮಾತು ಎತ್ತಿದ್ದು ಕಡಿಮೆ. ಒಂದು ಲಕ್ಷ ಜನ ಟಿಕೆಟ್ ಕೊಂಡು ನೋಡುವ ಕೆಲಸ ಮಾಡುವವನಿಗೆ ಕೂಲಿ ಬೇಡವಾ? ಮೊಣಕಾಲು ಮುರಿಯುವುದು ಅವನದೇ ತಾನೆ.

ಈಗ ನಿನ್ನ ಮಗ. ನಿಮ್ಮದು ಎಚ್-1, ಅಂದರೆ ಕೆಲಸದ ವೀಸಾ, ಅವನದು ಅದರ ಜೊತೆ ಮನೆಯವರಿಗೆ ಸಿಗುವ ಎಚ್-4. ಎಚ್-4ನಲ್ಲಿರುವ ಮಗ ಇಲ್ಲಿ ದುಡಿಯುವ ಹಾಗಿಲ್ಲ. ಗ್ರೀನ್ ಕಾರ್ಡ್ ಬರದೆ 21 ದಾಟಿದರೆ ಸಾಮಾನ್ಯವಾಗಿ ಎಫ್-1, ಅಂದರೆ ವಿದ್ಯಾರ್ಥಿ ವೀಸಾಗೆ ಬದಲಾಗಬೇಕು, ಅದರಲ್ಲೂ ಕ್ಯಾಂಪಸ್ ಹೊರಗಿನ ದುಡಿಮೆಗೆ ಕಟ್ಟುನಿಟ್ಟು. ಪಕ್ಕದ ಇಂಡಿಯಾನಾದ ಪರ್ಡ್ಯೂನಲ್ಲಿ ಜ್ಯಾಕ್ ಈಡಿ ಅಂತ ಕೆನಡಾ ಹುಡುಗ 2023, 2024ರಲ್ಲಿ ದೇಶದ ಅತ್ಯುತ್ತಮ ಬ್ಯಾಸ್ಕೆಟ್‌ಬಾಲ್ ಆಟಗಾರ. ಜೊತೆಯವರಂತೆ ಜಾಹೀರಾತಿನಿಂದ ದುಡಿಯಲು ವೀಸಾ ಅಡ್ಡ ಬಂತು. ಹಾಗಾಗಿ ಯಾರಾದರೂ ಟೆನಿಸ್ ರಾಕೆಟ್ ಕಂಪನಿಯ ಹೆಸರು ಹೇಳಿ ದುಡ್ಡು ಕೊಡುತ್ತೇವೆ ಅಂದರೆ, ಇಮಿಗ್ರೇಷನ್ ವಕೀಲರನ್ನು ಕೇಳದೆ ಒಂದು ಡಾಲರ್ ಮುಟ್ಟಬೇಡಿ.

ಸ್ಕಾಲರ್‌ಶಿಪ್ ಬೇರೆ ವಿಷಯ, ಅದಕ್ಕೆ ವೀಸಾ ಅಡ್ಡಿಯಿಲ್ಲ. ನಮ್ಮ ಸೋಮ್‌ದೇವ್ ದೇವವರ್ಮನ್ ವರ್ಜೀನಿಯಾ ಯೂನಿವರ್ಸಿಟಿಗೆ ಆಡಿ 2007, 2008 ಎರಡೂ ವರ್ಷ ಅಮೆರಿಕದ ಕಾಲೇಜು ಸಿಂಗಲ್ಸ್ ಗೆದ್ದವರು. ಆದರೆ ಗಂಡುಮಕ್ಕಳ ಟೆನಿಸ್‌ಗೆ ಮೊದಲು ಇಡೀ ತಂಡಕ್ಕೆ ನಾಲ್ಕೂವರೆ ಸ್ಕಾಲರ್‌ಶಿಪ್ ಮಿತಿ ಇತ್ತು. ಹೌಸ್ ರಾಜಿಗೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ ಹತ್ತೇ ಜನ ಅನ್ನುವ ಮಿತಿ ಬಂದಿದೆ. ಆ ಹತ್ತು ಜಾಗಕ್ಕೆ ಯುರೋಪ್, ದಕ್ಷಿಣ ಅಮೆರಿಕದಿಂದಲೂ ಹುಡುಗರು ಬರುತ್ತಾರೆ. ಎನ್‌ಸಿಎಎ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿದೆ, ಮೂರನೆಯದರಲ್ಲಿ ಆಟದ ಸ್ಕಾಲರ್‌ಶಿಪ್ಪೇ ಇಲ್ಲ.

ಮೊದಲ ಡಿವಿಷನ್ ಕನಸು ಇದ್ದರೆ ಒಂಬತ್ತನೇ ಕ್ಲಾಸಿನಿಂದಲೇ ಲೆಕ್ಕ ಶುರು. ಹೈಸ್ಕೂಲ್ ಮುಗಿಯುವಷ್ಟರಲ್ಲಿ ಎನ್‌ಸಿಎಎ ಒಪ್ಪುವ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತದಂಥ ಮುಖ್ಯ ವಿಷಯಗಳು) ಆಗಿರಬೇಕು, ಅವುಗಳಲ್ಲಿ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಕನಿಷ್ಠ 2.3. ಮಗನ ಮಾರ್ಕ್ಸ್ ನೋಡಿದರೆ ಅದು ತೊಂದರೆಯಲ್ಲ, ಆದರೆ ಯಾವ ಕೋರ್ಸ್ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಮುಖ್ಯ. ಇದೇ ವಾರ ಶಾಲೆಯ ಕೌನ್ಸೆಲರ್‌ಗೆ ಒಂದು ಮೇಲ್ ಹಾಕಿ ಆ ಪಟ್ಟಿ ತರಿಸಿಕೋ. ಬಂದ ಮೇಲೆ ನನಗೂ ಕಳಿಸು, ಕೂತು ನೋಡೋಣ.